ಸೀಸೆಯ ಸಸಿಗೆ ಮರವೆಲ್ಲಿ?

ಮುಂಗಾರು ಹಿಡಿಯುವುದಕ್ಕೆ ಕೆಲವು ದಿನ ಮುಂಚೆ ಕಳಸದ ಕಡೆಯ ಕಾಫಿ ತೋಟವೊಂದಕ್ಕೆ ಹೋಗಿದ್ದೆವು. ಅಲ್ಲಿ ಮರಗಸಿ ನಡೆಯುತ್ತಿತ್ತು. ಮಳೆಗಾಲದಲ್ಲಿ ತೋಟಕ್ಕೆ ಗಾಳಿ ಬೆಳಕು ಸಾಲದೆ ಹೋಗಬಾರದೆಂದು ನೆರಳು ಮರಗಳ ರೆಂಬೆಗಳನ್ನು ಕಡಿದು ಹಗುರ ಮಾಡುವ ಈ ಕೆಲಸವನ್ನು ಮಲೆನಾಡಿನ ವಾಚಕರು ಬಲ್ಲರು. ನಾವು ನೋಡುತ್ತಿದ್ದಂತೆಯೇ ಹಳೆಯ ಬಸರಿಮರದ ರೆಂಬೆಯೊಂದು ನೆಲಕ್ಕೆ ಬಿದ್ದಿತು. ಅದರ ಮೈಗೆ ಸೀತಾಳೆದಂಡೆಯ ಗಿಡವೊಂದು ಅಂಟಿಕೊಂಡಿತ್ತು. ನಸುಗೆಂಪು ಚುಕ್ಕೆಯ ಹೂಗಳ ಎರಡು ದಂಡೆಗಳು ಇನ್ನೂ ಬಾಡದೆ ಇಳಿಬಿದ್ದಿದ್ದವು. ಜೊತೆಯಲ್ಲಿದ್ದ ಕಾಲೇಜು ವಿದ್ಯಾರ್ಥಿಯೊಬ್ಬನು ಅದನ್ನು ಕಂಡು, “ಹೋದರೆ ಹೋಗಲಿ ಬಿಡಿ ಸಾರ್. ಈಗ ಟಿಶ್ಯೂ ಕಲ್ಚರ್ ಇದೆಯಲ್ಲ, ಎಷ್ಟು ಬೇಕಾದರೂ ಮಾಡಿಕೊಳ್ಳಬಹುದು” ಎಂದನು.

ಹುಡುಗನು ಉಡಾಫೆಯಿಂದ ಹೇಳಿದ ಮಾತಲ್ಲ; ಓದಿದ್ದನ್ನು ನಂಬಿ ಆಡಿದ ಮಾತು. ಅವನಿಗಿಂತ ಹಿರಿಯರ ಬಾಯಲ್ಲಿಯೂ ಇದನ್ನೇ ನಾವು ಕೇಳಿದ್ದೇವೆ. ವಿರಳವಾದ ಗಿಡಗಳನ್ನು ಪ್ರಯೋಗಶಾಲೆಯಲ್ಲಿ ಲಕ್ಷಗಟ್ಟಲೆ ಬೆಳೆಸುವ ಉಪಾಯ ಕೈಗೆ ಬಂದಿರುವಾಗ ಕಾಡಿನ ಒಂದೊಂದು ಮರಕ್ಕೂ ಏಕೆ ಮರುಗಬೇಕು ಎಂಬುದು ಅವರ ವಾದ. ಇದಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ ಆ ಉಪಾಯವೆಂಥದು, ಅದರ ಬಲವೆಷ್ಟು, ಮಿತಿಯೇನು ಎಂಬುದನ್ನು ಮೊದಲು ತಿಳಿಯಬೇಕು. ಅಂಗಾಂಶ ಕೃಷಿಯನ್ನು ಹಳಿಯುವ ಉದ್ದೇಶ ನಮಗಿಲ್ಲ. ವಿರಳ ಸಸ್ಯಗಳ ಕೆಲಸಕ್ಕಾಗಿ ಅದು ಕಾಫಿ ಸೀಮೆಯಲ್ಲಿ ಬೇರೂರಬೇಕೆಂದೇ ನಮ್ಮ ಅಭಿಪ್ರಾಯ. ಆದರೆ ಅದು ಕಾಡಿನ ಊಳಿಗಕ್ಕೆ ಬರಬೇಕೇ ಹೊರತು ಕಾಡಿನ ಗದ್ದುಗೆಯನ್ನು ಏರಬಾರದು.

ಸಸ್ಯದ ಒಂದೊಂದು ಜೀವಕೋಶದಲ್ಲಿಯೂ ಇಡೀ ಸಸ್ಯವಾಗಿ ಬೆಳೆಯುವ ಶಕ್ತಿ ಅಡಗಿರಬೇಕೆಂದು ಆಸ್ಟ್ರಿಯದ ಸಸ್ಯವಿಜ್ಞಾನಿ ಹ್ಯಾಬರ್‌ಲ್ಯಾಂಟ್ 1902ರಲ್ಲಿ ಊಹಿಸಿದರು. ಅವರು ಬೇರ್ಪಡಿಸಿದ ಕೋಶಗಳು ಕೆಲಕಾಲ ಬದುಕಿದವು. ಆದರೆ ಒಡೆದು ಎರಡಾಗಲಿಲ್ಲ. ಏನನ್ನು ಉಣಿಸಿದರೆ ಕೋಶ ಒಡೆಯುತ್ತದೆಂಬ ಗುಟ್ಟು ತಿಳಿಯಲು ಅರ್ಧ ಶತಮಾನ ಹಿಡಿಯಿತು. 1941ರಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ದತ್ತೂರದ ಎಳೆಯ ಭ್ರೂಣಗಳು ತೆಂಗಿನಕಾಯಿಯ ನೀರನ್ನು ಕುಡಿದು ಬೆಳೆದವು. 1955ರಲ್ಲಿ ಕೋಶ ವಿಭಜನೆಯನ್ನು ಪ್ರೇರಿಸುವ ಕೈನೆಟಿನ್ ಎಂಬ ವಸ್ತುವನ್ನು ಸ್ಕೂಗ್ ಮತ್ತು ಮಿಲ್ಲರ್ ಅವರ ತಂಡ ಬೇರ್ಪಡಿಸಿತು. 1957ರಲ್ಲಿ ಅವರಿಬ್ಬರೂ ಒಂದು ಸರಳ ಸೂತ್ರವನ್ನು ಮುಂದಿಟ್ಟರು. ಆಕ್ಸಿನ್ ಹೆಚ್ಚಾಗಿ ಕೈನೆಟಿನ್ ಕಡಿಮೆಯಾದರೆ ಅಂಗಾಂಶದಿಂದ ಬೇರು ಮೂಡುತ್ತದೆ. ಕೈನೆಟಿನ್ ಹೆಚ್ಚಾದರೆ ಕುಡಿ ಮೂಡುತ್ತದೆ. ಎರಡೂ ಸಮತೂಕದಲ್ಲಿದ್ದರೆ ಬೇರೂ ಅಲ್ಲದ ಕುಡಿಯೂ ಅಲ್ಲದ ಕೋಶಗಳ ಮುದ್ದೆಯೊಂದು ಬೆಳೆಯುತ್ತದೆ. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಸಿದ್ಧಪಡಿಸಿದ ಲವಣಗಳ ಮಿಶ್ರಣವನ್ನು ಇಂದಿಗೂ ಪ್ರಪಂಚದ ಪ್ರಯೋಗಶಾಲೆಗಳು ಬಳಸುತ್ತಿವೆ.

ಕೆಲಸದ ಕ್ರಮ ಹೀಗೆ. ತಾಯಿಗಿಡದ ಕುಡಿಯಿಂದ ಒಂದು ಸಣ್ಣ ತುಣುಕನ್ನು ಕತ್ತರಿಸಿ, ಅದರ ಮೈಮೇಲಿನ ಸೂಕ್ಷ್ಮಜೀವಿಗಳು ಸಾಯುವಂತೆ ಔಷಧದ ನೀರಿನಲ್ಲಿ ತೊಳೆಯುತ್ತಾರೆ. ಲವಣ, ಸಕ್ಕರೆ, ಜೀವಸತ್ವ, ಪ್ರಚೋದಕಗಳನ್ನು ನೀರಿನಲ್ಲಿ ಕರಗಿಸಿ, ಕಡಲಪಾಚಿಯಿಂದ ತೆಗೆದ ಅಗರ್ ಸೇರಿಸಿ, ಸೀಸೆಗಳಲ್ಲಿ ತುಂಬಿ, ಆಟೋಕ್ಲೇವಿನಲ್ಲಿಟ್ಟು 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೇಯಿಸುತ್ತಾರೆ. ಆಟೋಕ್ಲೇವ್ ಎಂದರೆ ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರಿನ ದೊಡ್ಡಣ್ಣನೆನ್ನಬಹುದು. ಆರಿದ ಮೇಲೆ ಅದು ತಿಳಿಯಾದ ಹಲ್ವದಂತೆ ಗಟ್ಟಿಯಾಗುತ್ತದೆ. ಸೋಸಿದ ಗಾಳಿ ಬೀಸುವ ಪೆಟ್ಟಿಗೆಯೊಳಗೆ ಕೈಯಿಟ್ಟು ತುಣುಕನ್ನು ಅದರ ಮೇಲೆ ಕೂರಿಸಿ ಬಾಯಿ ಮುಚ್ಚುತ್ತಾರೆ. ಸುಮಾರು 25 ಡಿಗ್ರಿ ಉಷ್ಣತೆಯ ಕೋಣೆಯಲ್ಲಿ, ದೀಪದ ಬೆಳಕಿನಲ್ಲಿ, ಕೆಲವು ವಾರಗಳಲ್ಲಿ ತುಣುಕಿನಿಂದ ಹಲವು ಕುಡಿಗಳು ಹೊರಡುತ್ತವೆ. ಅವನ್ನು ಬಿಡಿಸಿ ಮತ್ತೆ ಹೊಸ ಸೀಸೆಗಳಲ್ಲಿ ಇಡುತ್ತಾರೆ.

ಈ ಕ್ರಮದ ಬಲವನ್ನು ತಿಳಿಯಲು ಒಂದು ಲೆಕ್ಕ ಮಾಡಿ ನೋಡಿ. ಒಂದು ಕುಡಿ ತಿಂಗಳಿಗೆ ನಾಲ್ಕಾಗುತ್ತದೆಂದೂ ಒಂದೂ ಸಾಯುವುದಿಲ್ಲವೆಂದೂ ಇಟ್ಟುಕೊಳ್ಳೋಣ. ಹನ್ನೆರಡು ತಿಂಗಳಿಗೆ ಅವುಗಳ ಸಂಖ್ಯೆ 1,67,77,216. ವಾಸ್ತವದಲ್ಲಿ ಬೂಷ್ಟು ಹಿಡಿದು, ಬಾಡಿ, ಎಷ್ಟೋ ಹಾಳಾಗುತ್ತವೆ. ಆದರೂ ಲೆಕ್ಕದ ಓಟ ಬೆರಗುಗೊಳಿಸುವಂಥದು. ಇಂದು ಕರ್ನಾಟಕದ ಬಾಳೆ ಬೆಳೆಗಾರನಿಗೆ ಅಂಗಾಂಶ ಕೃಷಿಯ ಸಸಿ ಹೊಸತಲ್ಲ. ದೊಡ್ಡ ಮರಗಳ ವಿಷಯದಲ್ಲಿಯೂ ಇದು ಸಾಧ್ಯವೆಂಬುದನ್ನು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಶಾಲೆಯವರು 1980ರಲ್ಲಿ ತೇಗದ ಮರದಿಂದ ಸಸಿಗಳನ್ನು ಪಡೆದು ತೋರಿಸಿದರು. ಕಾಫಿಯೂ ಹಿಂದುಳಿದಿಲ್ಲ. ರೋಬಸ್ಟ ಕಾಫಿಯ ಅಂಗಾಂಶದಿಂದ ಭ್ರೂಣಗಳನ್ನು ಪಡೆಯಬಹುದೆಂದು ಸ್ಟಾರಿಟ್ಸ್ಕಿ 1970ರಲ್ಲಿ ತಿಳಿಸಿದರು. ರೋಬಸ್ಟ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲವಾದುದರಿಂದ ಅದರ ಬೀಜದ ಸಸಿಗಳು ಒಂದರಂತೆ ಒಂದಿರುವುದಿಲ್ಲ. ಒಳ್ಳೆಯ ಗಿಡವೊಂದರ ಗುಣವನ್ನು ಹಾಗೆಯೇ ಉಳಿಸಿಕೊಂಡು ಸಾವಿರ ಗಿಡ ಮಾಡಬೇಕೆನ್ನುವ ಬೆಳೆಗಾರನಿಗೆ ಇದು ವರವೇ ಸರಿ.

ಇನ್ನು ಸೀತಾಳೆದಂಡೆಗೆ ಬರೋಣ. ಇದು ಆರ್ಕಿಡ್ ಕುಲಕ್ಕೆ ಸೇರಿದ ಗಿಡ. ಮರದ ಮೇಲೆ ಬೆಳೆದರೂ ಬಂದಳಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ತೊಗಟೆಯ ಮೇಲೆ ಕೂರುವುದಕ್ಕೆ ಜಾಗ ಮಾತ್ರ ಬೇಡುತ್ತದೆ. ನೀರನ್ನು ಮಳೆ ಮಂಜುಗಳಿಂದಲೂ ಆಹಾರವನ್ನು ಬೆಳಕಿನಿಂದಲೂ ತಾನೇ ಸಂಪಾದಿಸುತ್ತದೆ. ಭಾರತದ ಬೇರೆ ಕಡೆಗಳಲ್ಲಿಯೂ ಬೆಳೆಯುವ ಇದು ಅತಿ ವಿರಳವಾದ ಗಿಡವೇನಲ್ಲ. ಆದರೆ ಇದರ ಕುಲದ ಎಷ್ಟೋ ಗಿಡಗಳು ಪಶ್ಚಿಮಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಇಲ್ಲ. ಸೀತಾಳೆಗೆ ಬಂದ ಕಷ್ಟ ಅವುಗಳಿಗೂ ತಪ್ಪಿದ್ದಲ್ಲ.

ಆರ್ಕಿಡ್ ಗಿಡದ ಒಂದು ಕಾಯಿಯಲ್ಲಿ ಸಾವಿರಗಟ್ಟಲೆ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜಗಳಿರುತ್ತವೆ. ಅವು ಧೂಳಿನಷ್ಟು ಸಣ್ಣವು. ಭತ್ತದ ಕಾಳಿನಲ್ಲಿ ಮೊಳಕೆಗಾಗಿ ಕೂಡಿಟ್ಟ ಹಿಟ್ಟಿನಂತೆ ಅವುಗಳಲ್ಲಿ ಯಾವ ಬುತ್ತಿಯೂ ಇಲ್ಲ. ನಮ್ಮವರೇ ಆದ ಡಾ. ಬಿ. ಜಿ. ಎಲ್. ಸ್ವಾಮಿಯವರು 1940ರ ದಶಕದಲ್ಲಿ ಆರ್ಕಿಡುಗಳ ಭ್ರೂಣಗಳನ್ನು ಕುರಿತು ನಡೆಸಿದ ಅಧ್ಯಯನಗಳು ಸಸ್ಯವಿಜ್ಞಾನಿಗಳಿಗೆ ಪರಿಚಿತವಾಗಿವೆ. ‘ಹಸುರು ಹೊನ್ನು’ ಬರೆದವರೆಂದು ಕನ್ನಡ ವಾಚಕರೂ ಅವರನ್ನು ಬಲ್ಲರು. ಬುತ್ತಿಯಿಲ್ಲದ ಈ ಬೀಜ ಮೊಳೆಯುವುದಾದರೂ ಹೇಗೆ? ತೊಗಟೆಯಲ್ಲಿಯೋ ಮಣ್ಣಿನಲ್ಲಿಯೋ ಇರುವ ಒಂದು ಬಗೆಯ ಶಿಲೀಂಧ್ರ ಬೀಜದೊಳಕ್ಕೆ ಹೊಕ್ಕು ಅದಕ್ಕೆ ಆಹಾರ ಒದಗಿಸುತ್ತದೆಂದು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಕಂಡುಕೊಂಡರು. ಆ ಶಿಲೀಂಧ್ರವಿಲ್ಲದೆಯೇ, ಸಕ್ಕರೆ ಬೆರೆಸಿದ ಅಗರ್ ಮೇಲೆ ಬೀಜ ಮೊಳೆಯುವುದೆಂದು ಅಮೆರಿಕದ ನಡ್‌ಸನ್ 1922ರಲ್ಲಿ ತೋರಿಸಿದರು. 1960ರಲ್ಲಿ ಫ್ರಾನ್ಸಿನ ಮೊರೆಲ್ ಬೀಜದ ಗೊಡವೆಯನ್ನೇ ಬಿಟ್ಟು, ಕುಡಿಯ ತುದಿಯ ತುಣುಕಿನಿಂದ ಆರ್ಕಿಡ್ ಬೆಳೆಸುವ ದಾರಿಯನ್ನು ತೆರೆದರು.

ಇಲ್ಲಿ ವಾಚಕರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ವಾದದ ಅರ್ಧ ಭಾಗ ಇದರ ಮೇಲೆ ನಿಂತಿದೆ. ನಡ್‌ಸನ್ನರ ಸೀಸೆಯಲ್ಲಿ ಬೆಳೆದ ಸಸಿಗಳು ಒಡಹುಟ್ಟಿದವರಂತೆ. ಹೋಲಿಕೆಯಿದ್ದರೂ ಒಂದೊಂದಕ್ಕೂ ಬೇರೆ ಗುಣವುಂಟು. ಮೊರೆಲ್ ಅವರ ಸೀಸೆಯಲ್ಲಿ ಬೆಳೆದವು ಒಂದೇ ಗಿಡದ ನಕಲುಗಳು. ಹೂವಿನ ವ್ಯಾಪಾರಿಗೆ ನಕಲು ಬೇಕು, ಏಕೆಂದರೆ ಅವನ ಗಿರಾಕಿಗಳು ಒಂದೇ ಬಣ್ಣವನ್ನು ಕೇಳುತ್ತಾರೆ. ಕಾಡಿಗೆ ಬೇಕಾದುದು ಒಡಹುಟ್ಟಿದವರು. ಅಷ್ಟೇ ಸಾಲದು, ಬೇರೆ ಬೇರೆ ಮನೆತನಗಳ ಒಡಹುಟ್ಟಿದವರು.

ನಕಲಿನಿಂದ ಬರುವ ಅಪಾಯವನ್ನು ಕಾಫಿ ಸೀಮೆಗೆ ಹೊರಗಿನವರು ಬಂದು ತಿಳಿಸಬೇಕಾದುದಿಲ್ಲ. ಬಾಬಾಬುಡನರು ಏಳು ಬೀಜ ತಂದರೆಂಬ ಐತಿಹ್ಯವನ್ನು ಅಕ್ಷರಶಃ ನಂಬದಿದ್ದರೂ, ನಮ್ಮ ಅರೇಬಿಕಾ ಕಾಫಿ ಕೆಲವೇ ಗಿಡಗಳ ಸಂತತಿಯೆಂಬುದರಲ್ಲಿ ಸಂಶಯವಿಲ್ಲ. ರೋಬಸ್ಟದಂತಲ್ಲದೆ ಅರೇಬಿಕಾ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಅದರ ಗಿಡಗಳಲ್ಲಿ ಭೇದ ಇನ್ನಷ್ಟು ಕಡಿಮೆ. ಚಿಕ್ಕಮಗಳೂರಿನ ಹೆಸರನ್ನೇ ಹೊತ್ತಿದ್ದ ‘ಚಿಕ್’ ತಳಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಾಂಡಕೊರಕಕ್ಕೂ ಎಲೆತುಕ್ಕು ರೋಗಕ್ಕೂ ಸಿಕ್ಕಿ ನಾಶವಾಯಿತು. ಅದೇ ತುಕ್ಕು 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು ಅಲ್ಲಿಯ ಕಾಫಿಯನ್ನು ನಿರ್ಮೂಲಗೊಳಿಸಿ ಟೀ ಬೆಳೆಗೆ ದಾರಿಮಾಡಿತು.

1911ರ ಸುಮಾರಿಗೆ ಮೈಸೂರು ಸೀಮೆಯ ಕೆಂಟ್ ಎಂಬ ತೋಟದ ಧಣಿ ತುಕ್ಕನ್ನು ತಡೆದು ನಿಂತ ಗಿಡವೊಂದನ್ನು ಆರಿಸಿದರು. ಅದರ ಸಂತತಿಯೇ ‘ಕೆಂಟ್ಸ್’ ತಳಿ. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ತಾಗಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪಿತವಾದ ಕಾಫಿ ಸಂಶೋಧನಾ ಕೇಂದ್ರದಲ್ಲಿ ಮೇನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಇದರ ಕಾರಣವನ್ನು ಹೊರಗೆಡಹಿದರು: ತುಕ್ಕಿನ ಶಿಲೀಂಧ್ರದಲ್ಲಿಯೇ ಬೇರೆ ಬೇರೆ ಬಗೆಗಳಿವೆ, ಒಂದಕ್ಕೆ ಸೋಲದ ಗಿಡ ಇನ್ನೊಂದಕ್ಕೆ ಸೋಲುತ್ತದೆ. ಆಮೇಲೆ ನಮ್ಮ ತೋಟಗಳನ್ನು ಕಾಪಾಡಿದ ಎಸ್.795 ತಳಿ ಇದೇ ಕೇಂದ್ರದ ಕೊಡುಗೆ. ಅದರ ರೋಗನಿರೋಧಕ ಗುಣ ಬಂದದ್ದು ಲೈಬೀರಿಕ ಎಂಬ ಬೇರೊಂದು ಜಾತಿಯ ಕಾಫಿಯಿಂದ. ಎಂದೋ ಅರೇಬಿಕಾದೊಡನೆ ತಾನಾಗಿಯೇ ಬೆರೆತಿದ್ದ ಅದರ ಸಂತಾನವನ್ನು ಕೆಂಟ್ಸ್ ತಳಿಗೆ ಕೂಡಿಸಿ ಎಸ್.795ನ್ನು ಪಡೆದರು. ಈ ಬೆರಕೆಯ ಗಿಡವನ್ನು ಯಾರೂ ಉಳಿಸಿರದಿದ್ದರೆ ಮೂಡಿಗೆರೆಯ ಎಷ್ಟು ತೋಟಗಳು ಕಾಫಿಯ ತೋಟಗಳಾಗಿ ಉಳಿಯುತ್ತಿದ್ದವೆಂದು ಬೆಳೆಗಾರರೇ ಯೋಚಿಸಲಿ. ಮನುಷ್ಯನ ಆರೈಕೆ, ಔಷಧ, ಕಾವಲು ಇರುವ ಬೆಳೆಯ ಗತಿಯೇ ಹೀಗಾದರೆ, ಯಾರ ಆರೈಕೆಯೂ ಇಲ್ಲದ ಕಾಡುಗಿಡವನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಬಿಟ್ಟರೆ ಅದರ ಗತಿಯೇನು?

ಇದಕ್ಕಿಂತ ವಿಚಿತ್ರವಾದ ತೊಡಕೊಂದುಂಟು. ಪಶ್ಚಿಮಘಟ್ಟದ ನಿತ್ಯಹಸುರಿನ ಕಾಡುಗಳಲ್ಲಿ ಮರದರಿಶಿನವೆಂಬ ದೊಡ್ಡ ಬಳ್ಳಿ ಬೆಳೆಯುತ್ತದೆ. ಅದರ ಹಳದಿಯ ಕಾಂಡದಲ್ಲಿ ಬರ್ಬೆರಿನ್ ಎಂಬ ಔಷಧ ವಸ್ತು ಇರುವುದರಿಂದ ಜನ ಕಡಿದೊಯ್ದು, ಈಗ ಅದು ಅಪಾಯಕ್ಕೊಳಗಾದ ಗಿಡಗಳ ಸಾಲಿಗೆ ಸೇರಿದೆ. ಪಪಾಯದಂತೆ ಇದರಲ್ಲಿಯೂ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಒಂದೇ ಬಳ್ಳಿಯ ತುಣುಕಿನಿಂದ ಹತ್ತು ಸಾವಿರ ಸಸಿಗಳನ್ನು ಮಾಡಿ ಕಾಡಿನಲ್ಲಿ ನೆಟ್ಟರೆ ಹತ್ತು ಸಾವಿರವೂ ಗಂಡು, ಇಲ್ಲವೆ ಹತ್ತು ಸಾವಿರವೂ ಹೆಣ್ಣು. ಹತ್ತಿರದಲ್ಲಿ ಬೇರೆ ಬಳ್ಳಿ ಇಲ್ಲದೆ ಹೋದರೆ ಅವು ಒಂದು ಬೀಜವನ್ನೂ ಕಟ್ಟಲಾರವು. ವರದಿಯಲ್ಲಿ ಹತ್ತು ಸಾವಿರವೆಂದು ಬರೆಯಬಹುದು. ಕಾಡಿನ ಲೆಕ್ಕದಲ್ಲಿ ಅದು ಒಂದೇ ಬಳ್ಳಿ.

ಈ ದೋಷಗಳನ್ನೆಲ್ಲ ನಿವಾರಿಸಿ ಒಳ್ಳೆಯ ಸಸಿಗಳನ್ನೇ ಬೆಳೆಸಿದೆವೆನ್ನೋಣ. ಅವು ಸೀಸೆಯಿಂದ ಹೊರಕ್ಕೆ ಬರಬೇಕಷ್ಟೆ. ಸೀಸೆಯೊಳಗೆ ಗಾಳಿಯ ತುಂಬ ತೇವ, ಬಿಸಿಲ ಝಳವಿಲ್ಲ, ಊಟಕ್ಕೆ ಸಕ್ಕರೆ. ಹೀಗೆ ಮುದ್ದಿನಲ್ಲಿ ಬೆಳೆದ ಎಲೆಯ ಮೇಲೆ ಮೇಣದ ಪದರ ಸರಿಯಾಗಿ ಕೂಡಿರುವುದಿಲ್ಲ. ಎಲೆಯ ರಂಧ್ರಗಳು ಒಣಗಾಳಿಗೆ ಮುಚ್ಚಿಕೊಳ್ಳುವುದನ್ನು ಕಲಿತಿರುವುದಿಲ್ಲ. ನೇರವಾಗಿ ಹೊರಗಿಟ್ಟರೆ ಕೆಲವೇ ಗಂಟೆಗಳಲ್ಲಿ ಜೋತುಬೀಳುತ್ತದೆ. ಆದುದರಿಂದ ವಾರಗಟ್ಟಲೆ ನೆರಳುಮನೆಯಲ್ಲಿಟ್ಟು ತೇವವನ್ನು ಸ್ವಲ್ಪಸ್ವಲ್ಪವಾಗಿ ತಗ್ಗಿಸಿ ಗಟ್ಟಿ ಮಾಡುತ್ತಾರೆ. ಅಂಗಾಂಶ ಕೃಷಿಯಲ್ಲಿ ಸಾವುನೋವು ಹೆಚ್ಚಾಗುವುದು ಈ ಹಂತದಲ್ಲಿಯೇ. ಇದನ್ನೂ ದಾಟಿದ ಸಸಿ ಕೊನೆಗೆ ಕೇಳುವ ಪ್ರಶ್ನೆಯೇ ಈ ಲೇಖನದ ತಲೆಬರಹ: ನನಗೆ ಮರವೆಲ್ಲಿ?

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಹಳೆಯ ತೋಟಗಳಲ್ಲಿ ಕಾಫಿಯ ಮೇಲೆ ಒಂದು ಕಾಡೇ ನಿಂತಿತ್ತು. ಅತ್ತಿ, ಬಸರಿ, ಗೋಣಿ, ಹಲಸು, ಮತ್ತಿ, ನಂದಿ, ಹೊನ್ನೆ, ಬೀಟೆ — ಇವುಗಳ ಅಗಲವಾದ ರೆಂಬೆಗಳ ಮೇಲೆ ಹಾವಸೆ ಹಬ್ಬಿ, ಹಾವಸೆಯಲ್ಲಿ ತೇವ ನಿಂತು, ತೇವದಲ್ಲಿ ಆರ್ಕಿಡುಗಳು ನೆಲೆಸುತ್ತಿದ್ದವು. ಈಗ ಎಷ್ಟೋ ಕಡೆ ಇವುಗಳ ಜಾಗದಲ್ಲಿ ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ನಿಂತಿದೆ. ಅದಕ್ಕೆ ಕಾರಣಗಳುಂಟು. ಅದು ಬೇಗ ಬೆಳೆಯುತ್ತದೆ. ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ. ಕಡಿದು ಮಾರಲು ಕಾಡುಮರಗಳಷ್ಟು ಕಾನೂನಿನ ತೊಡಕಿಲ್ಲ. ಕಾಫಿಯ ಬೆಲೆ ಕುಸಿದ ವರ್ಷ ಮನೆಯ ಖರ್ಚಿಗೆ ಒದಗುವ ಮರವನ್ನು ನೆಟ್ಟ ಬೆಳೆಗಾರನನ್ನು ದೂರಲು ನಮಗೆ ಮನಸ್ಸಿಲ್ಲ. ಆದರೆ ನೆಟ್ಟಗೆ ಬೆಳೆದು, ರೆಂಬೆ ಕಡಿಸಿಕೊಂಡು, ಕಾಂಡದ ತುಂಬ ಮೆಣಸು ಹೊತ್ತು, ಬಲಿತ ಕೂಡಲೆ ನಾಟಾಕ್ಕೆ ಹೋಗುವ ಮರದ ಮೇಲೆ ನಿಧಾನವಾಗಿ ಬೆಳೆಯುವ ಆರ್ಕಿಡಿಗೆ ಬಾಳು ಕಟ್ಟಿಕೊಳ್ಳಲು ವ್ಯವಧಾನವೆಲ್ಲಿ?

ಮರವೊಂದಿದ್ದರೂ ಸಾಲದು. ನೆಟ್ಟ ಗಿಡ ಹೂಬಿಟ್ಟಾಗ ಪರಾಗವನ್ನು ಒಯ್ಯುವ ಕೀಟ ಬೇಕು. ಬೀಜ ಹಾರಿ ಬಿದ್ದಲ್ಲಿ ಬರ್ನಾರ್ ಕಂಡ ಶಿಲೀಂಧ್ರದಂಥದು ಇರಬೇಕು. ಸಕ್ಕರೆಯ ಅಗರ್ ಸೀಸೆಯೊಳಗುಂಟು, ಬಸರಿಮರದ ಮೇಲಿಲ್ಲ. ಮುಂದಿನ ತಲೆಮಾರು ತಾನಾಗಿ ಮೊಳೆಯದಿದ್ದರೆ ನಾವು ನೆಟ್ಟದ್ದು ಕುಂಡದ ಗಿಡ. ಕುಂಡ ಮಾತ್ರ ಮರದಷ್ಟು ದೊಡ್ಡದು.

“ಕಾಡು ಹೇಗೂ ಹೋಗುತ್ತಿದೆ, ಸೀಸೆಯಲ್ಲಾದರೂ ಉಳಿಯಲಿ” ಎಂದು ಕೆಲವರು ಹೇಳುವುದುಂಟು. ಈ ಮಾತಿನಲ್ಲಿ ಸ್ವಲ್ಪ ನಿಜವಿದೆ. ಬ್ರಿಟನ್ನಿನಲ್ಲಿ ‘ಲೇಡೀಸ್ ಸ್ಲಿಪ್ಪರ್’ ಎಂಬ ಆರ್ಕಿಡ್ ಇಲ್ಲವಾಯಿತೆಂದು 1917ರಲ್ಲಿ ತೀರ್ಮಾನಿಸಿದ್ದರು. 1930ರಲ್ಲಿ ಯಾರ್ಕ್‌ಷೈರಿನಲ್ಲಿ ಒಂದೇ ಒಂದು ಗಿಡ ಸಿಕ್ಕಿತು. ಅದಿರುವ ಜಾಗವನ್ನು ಗುಟ್ಟಾಗಿಟ್ಟು ದಶಕಗಳ ಕಾಲ ಕಾವಲು ಕಾದರು. ಮುಂದೆ ಕ್ಯೂ ಸಸ್ಯೋದ್ಯಾನದ ಪ್ರಯೋಗಶಾಲೆಯಲ್ಲಿ ಈ ಜಾತಿಯ ಬೀಜಗಳಿಂದ ಸಸಿಗಳನ್ನು ಬೆಳೆಸಿ 1989ರಿಂದ ಅದರ ಹಳೆಯ ನೆಲೆಗಳಲ್ಲಿ ನೆಡತೊಡಗಿದರು. ಹಾಗೆ ನೆಟ್ಟ ಗಿಡ ಮೊದಲ ಹೂ ಬಿಟ್ಟದ್ದು 2000ದಲ್ಲಿ. ಪ್ರಯೋಗಶಾಲೆ ಇಲ್ಲದಿದ್ದರೆ ಆ ಗಿಡಕ್ಕೆ ಪುನರ್ಜನ್ಮವಿರಲಿಲ್ಲ, ಇದನ್ನು ಒಪ್ಪಲೇಬೇಕು. ಆದರೆ ಗೆದ್ದದ್ದು ಸೀಸೆಯೊಂದೇ ಅಲ್ಲವೆಂಬುದನ್ನೂ ಒಪ್ಪಬೇಕು. ಕಾವಲಿತ್ತು, ತಾಳ್ಮೆಯಿತ್ತು, ಹಿಂತಿರುಗಲು ನೆಲವಿತ್ತು.

ಹಾಗಾದರೆ ಕಾಫಿ ಸೀಮೆಯಲ್ಲಿ ಏನಾಗಬೇಕು? ಬಾಳೆಹೊನ್ನೂರಿನಲ್ಲಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಿದೆ. ಮೂಡಿಗೆರೆಯಲ್ಲಿ ತೋಟಗಾರಿಕೆಯ ಮಹಾವಿದ್ಯಾಲಯವಿದೆ. ಇಂಥ ಕಡೆ ವಿರಳ ಸಸ್ಯಗಳ ಕೆಲಸಕ್ಕೆ ಕೈಹಾಕುವವರು ನಾಲ್ಕು ನಿಯಮಗಳನ್ನು ಪಾಲಿಸಬೇಕೆಂದು ನಮ್ಮ ಸೂಚನೆ. ಮೊದಲನೆಯದು, ಸಾಧ್ಯವಿದ್ದಲ್ಲೆಲ್ಲ ಬೀಜದಿಂದ ಬೆಳೆಸಬೇಕು. ತುಣುಕಿನಿಂದಲೇ ಆಗಬೇಕಾದರೆ ಹಲವು ತಾಯಿಗಿಡಗಳಿಂದ, ಗಂಡು ಹೆಣ್ಣು ಬೇರೆಯಿದ್ದಲ್ಲಿ ಎರಡರಿಂದಲೂ ತೆಗೆಯಬೇಕು. ಎರಡನೆಯದು, ಯಾವ ಗುಡ್ಡ, ಎಷ್ಟು ಎತ್ತರ, ಯಾವ ಮರ ಎಂಬ ವಿವರ ಪ್ರತಿಯೊಂದು ಸೀಸೆಯ ಚೀಟಿಯ ಮೇಲಿರಬೇಕು. ಬಾಬಾಬುಡನಗಿರಿಯ ಸಸಿ ಬಾಬಾಬುಡನಗಿರಿಗೆ, ಕುದುರೆಮುಖದ್ದು ಕುದುರೆಮುಖಕ್ಕೆ ಹಿಂತಿರುಗಬೇಕು. ಮೂರನೆಯದು, ಸಸಿ ಸಿದ್ಧವಾಗುವ ಮೊದಲೇ ಅದು ಕೂರುವ ಮರ ಗೊತ್ತಾಗಿರಬೇಕು. ಹಳೆಯ ಅತ್ತಿ, ಬಸರಿಗಳನ್ನು ಉಳಿಸಿಕೊಂಡ ಬೆಳೆಗಾರನಿಗೆ ಇಂಥ ಯೋಜನೆಯ ಹಣದಲ್ಲಿ ಒಂದು ಪಾಲು ಸಲ್ಲಬೇಕು. ನಾಲ್ಕನೆಯದು, ಯಶಸ್ಸನ್ನು ಸೀಸೆಗಳ ಸಂಖ್ಯೆಯಿಂದ ಅಳೆಯದೆ, ಹತ್ತು ವರ್ಷದ ಮೇಲೆ ಎಷ್ಟು ಗಿಡ ಬದುಕಿವೆ, ಅವುಗಳ ಸುತ್ತ ತಾವಾಗಿ ಹುಟ್ಟಿದ ಮರಿಗಳೆಷ್ಟು ಎಂಬುದರಿಂದ ಅಳೆಯಬೇಕು.

ಈ ನಿಯಮಗಳಿಂದ ಕೆಲಸ ನಿಧಾನವಾಗುವುದು ನಿಜ, ಖರ್ಚೂ ಏರುವುದು. ವರ್ಷಕ್ಕೊಂದು ವರದಿ ಕೊಡಬೇಕಾದ ಅಧಿಕಾರಿಗೆ ಹತ್ತು ವರ್ಷ ಕಾಯಿರೆಂದರೆ ಹಿಡಿಸಲಿಕ್ಕಿಲ್ಲ. ಆದರೆ ಗಿಡದ ವೇಗವನ್ನು ಕಚೇರಿಯ ವೇಗಕ್ಕೆ ಹೊಂದಿಸುವ ಪ್ರಚೋದಕವನ್ನು ಯಾವ ವಿಜ್ಞಾನಿಯೂ ಕಂಡುಹಿಡಿದಿಲ್ಲ.

ತರುಣ ವಾಚಕರು ಪ್ರಯೋಗಶಾಲೆ ಸೇರುವವರೆಗೆ ಕಾಯಬೇಕಾಗಿಲ್ಲ. ಕಾಫಿ ಸೀಮೆಯ ವಿದ್ಯಾರ್ಥಿಗಳು ತಮ್ಮ ಮನೆಯ ಹತ್ತಿರದ ತೋಟದಲ್ಲಿ, ಒಡೆಯರ ಅನುಮತಿ ಪಡೆದು, ಯಾವ ಮರದ ಮೇಲೆ ಯಾವ ಆರ್ಕಿಡ್ ಇದೆ, ಯಾವ ತಿಂಗಳಲ್ಲಿ ಹೂ ಬಿಡುತ್ತದೆ, ಕಾಯಿ ಕಟ್ಟುತ್ತದೆಯೋ ಇಲ್ಲವೋ ಎಂದು ಬರೆದಿಡಬಹುದು. ಇಂಥ ನಾಲ್ಕು ವರ್ಷದ ಟಿಪ್ಪಣಿ ಯಾವ ಪ್ರಯೋಗಶಾಲೆಗೂ ಉಪಯುಕ್ತವಾದುದು. ನಿಂತ ಮರದಿಂದ ಗಿಡವನ್ನು ಕೀಳಬೇಡಿ. ಮರಗಸಿಯಲ್ಲಿಯೋ ಗಾಳಿಯಲ್ಲಿಯೋ ಬಿದ್ದ ರೆಂಬೆಯ ಮೇಲಿನದನ್ನು ಮಾತ್ರ ಎತ್ತಿ, ಅದೇ ಜಾತಿಯ ಇನ್ನೊಂದು ಮರಕ್ಕೆ ತೆಂಗಿನ ನಾರಿನಿಂದ ಕಟ್ಟಿ.

ಕಳಸದ ತೋಟದಲ್ಲಿ ನಾವು ಮಾಡಿದ್ದೂ ಅದನ್ನೇ. ಬಿದ್ದ ಸೀತಾಳೆಯನ್ನು ತೊಗಟೆಯ ಸಮೇತ ಬಿಡಿಸಿ, ಪಕ್ಕದ ಬಸರಿಮರದ ಕವಲಿಗೆ ಕಟ್ಟಿದೆವು. ಮರ ಹತ್ತಿದವನು ಆ ವಿದ್ಯಾರ್ಥಿಯೇ. ಕೆಳಗಿಳಿದು ಕೈ ಒರೆಸಿಕೊಳ್ಳುತ್ತ, “ಈ ಮರವನ್ನೂ ಕಡಿಯುತ್ತಾರಾ?” ಎಂದು ತೋಟದ ಮೇಸ್ತ್ರಿಯನ್ನು ಕೇಳಿದನು. ಅವನು ಕೇಳಬೇಕಾಗಿದ್ದ ಪ್ರಶ್ನೆ ಅದೇ ಎಂದು ನಮಗನ್ನಿಸಿತು.